ತರಗತಿಯಲ್ಲಿ ತಂತ್ರಜ್ಞಾನ: ನಮ್ಮ ಶಿಕ್ಷಕರು ಏಕೆ ಹಿಂಜರಿಯುತ್ತಾರೆ?

ಕಳೆದ ಶ್ರಾವಣ ಮಾಸದ ಪ್ರವಚನ ಮಂಗಲದ ದಿನ ಪ್ರಸಾದವಾದ ಮೇಲೆ ಹಿರಿಯ ಭಕ್ತರೊಬ್ಬರು ಕಾರ್ಯಾಲಯಕ್ಕೆ ಬಂದು ಕುಳಿತರು. ಲಿಂಗೈಕ್ಯರಾದ ತಮ್ಮ ತಾಯಿಯವರ ಸ್ಮರಣಾರ್ಥ ನಮ್ಮ ವಿದ್ಯಾಸಂಸ್ಥೆಯ ಪ್ರೌಢಶಾಲೆಯೊಂದಕ್ಕೆ ಎರಡು ವರ್ಷಗಳ ಹಿಂದೆ ಸ್ಮಾರ್ಟ್‌ಬೋರ್ಡ್ ಕೊಡಿಸಿದವರು ಅವರು. ಮುಖದಲ್ಲಿ ಕೋಪಕ್ಕಿಂತ ನೋವೇ ಹೆಚ್ಚಾಗಿತ್ತು. “ಸರ, ನಿನ್ನೆ ಸಾಲಿಗೆ ಹೋಗಿದ್ದೆ. ನಮ್ಮವ್ವನ ಹೆಸರಿನ ಬೋರ್ಡಿನ ಮ್ಯಾಲ ಅರಿವಿ ಹೊಚ್ಚಿ ಇಟ್ಟಾರ. ಮಾಸ್ತರು ಬಾಜೂಕ ಕರಿಹಲಗಿ ಮ್ಯಾಲ ಬರಿಯಾಕತ್ತಾರ. ಅವರಿಗೆ ಕಲಸೂ ಮನಸ್ಸ ಇಲ್ಲೇನ್ರಿ?” ಎಂದು ಕೇಳಿದರು.

ಆ ಹೊತ್ತಿಗೆ ನಾನು ವಿಚಾರಿಸುತ್ತೇನೆಂದು ಹೇಳಿ ಅವರನ್ನು ಬೀಳ್ಕೊಟ್ಟೆ. ಮನಸ್ಸಿನೊಳಗೆ ನನಗೂ ಅವರದೇ ಅಭಿಪ್ರಾಯವಿತ್ತೆಂದು ಒಪ್ಪಿಕೊಳ್ಳಬೇಕು. ಸಂಬಳ ಪಡೆಯುವ ಶಿಕ್ಷಕರು ಹೊಸದನ್ನು ಕಲಿಯಲು ಬೇಸರಪಡುತ್ತಾರೆ, ಹಳೆಯ ಜಾಡಿನಲ್ಲೇ ನಡೆಯುತ್ತಾರೆ ಎಂಬುದು ಆಡಳಿತ ನಡೆಸುವವರೆಲ್ಲರ ಬಾಯಲ್ಲಿ ಸಿದ್ಧವಾಗಿರುವ ಮಾತು. ಪೂಜ್ಯ ಅಪ್ಪಗಳ ಸನ್ನಿಧಿಯಲ್ಲಿ ವಿಷಯ ಅರಿಕೆ ಮಾಡಿದಾಗ ಅವರು, ದೂರುವ ಮೊದಲು ಹೋಗಿ ಕುಳಿತು ನೋಡಿ ಬರಬೇಕೆಂದು ಅಪ್ಪಣೆ ಕೊಡಿಸಿದರು. ಅದರಂತೆ ಮೂರು ದಿನ ಆ ಶಾಲೆಯ ತರಗತಿಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೆ, ಶಿಕ್ಷಕರ ಕೊಠಡಿಯಲ್ಲಿ ಮಾತನಾಡಿದೆ. ಅಲ್ಲಿ ಕಂಡದ್ದನ್ನೂ ಈ ವಿಷಯದಲ್ಲಿ ಬಲ್ಲವರು ಬರೆದಿರುವುದನ್ನೂ ಸೇರಿಸಿ ಭಕ್ತರ ಮುಂದೆ ಇಡುತ್ತಿದ್ದೇನೆ. ನಮ್ಮ ಶಾಲೆಗಳ ಉಪಕರಣಗಳಲ್ಲಿ ಬಹುಪಾಲು ಭಕ್ತರ ದಾಸೋಹದಿಂದ ಬಂದಿರುವುದರಿಂದ ಅವುಗಳ ಗತಿಯೇನಾಗಿದೆ ಎಂದು ಕೇಳುವ ಅಧಿಕಾರ ಭಕ್ತರಿಗಿದೆ.

ಮೊದಲು ಕಂಡ ಸಂಗತಿಯೇ ನನ್ನ ಊಹೆಯನ್ನು ಕೆಡಿಸಿತು. ವಯಸ್ಸಾದ ಶಿಕ್ಷಕರು ಯಂತ್ರಕ್ಕೆ ಹೆದರುತ್ತಾರೆ, ಯುವಕರು ಹೆದರುವುದಿಲ್ಲ ಎಂದು ನಾವು ತಿಳಿದಿರುತ್ತೇವೆ. ಆ ಶಾಲೆಯಲ್ಲಿ ಬೋರ್ಡನ್ನು ಆಗಾಗ್ಗೆ ಬಳಸುತ್ತಿದ್ದ ಒಬ್ಬರೇ ಒಬ್ಬರೆಂದರೆ ನಿವೃತ್ತಿಗೆ ಮೂರು ವರ್ಷ ಉಳಿದಿರುವ ಗಣಿತದ ಗುರುಗಳು. ಇಡೀ ದಿನ ಕೈಯಲ್ಲಿ ಮೊಬೈಲ್ ಹಿಡಿದಿರುವ, ಇಪ್ಪತ್ತೆಂಟು ವರ್ಷದ ವಿಜ್ಞಾನ ಶಿಕ್ಷಕರು ಅದನ್ನು ಮುಟ್ಟಿರಲೇ ಇಲ್ಲ. ಮೊಬೈಲ್ ಬಲ್ಲವರೆಲ್ಲ ಮೊಬೈಲಿನಿಂದ ಕಲಿಸಬಲ್ಲರು ಎಂದೇನೂ ಇಲ್ಲ.

ಅಮೆರಿಕದ ಸಂಶೋಧಕ ಫ್ರೆಡ್ ಡೇವಿಸ್ ಎಂಬುವರು 1989ರಲ್ಲಿ ಒಂದು ಸರಳ ವಿವರಣೆಯನ್ನು ಮುಂದಿಟ್ಟರು. ಅವರು ನೋಡಿದ್ದು ಶಾಲೆಗಳನ್ನಲ್ಲ, ಕಂಪ್ಯೂಟರ್ ಬಳಸಬೇಕಾಗಿ ಬಂದ ನೌಕರರನ್ನು. ಹೊಸ ಸಾಧನವೊಂದು ಎದುರಾದಾಗ ಮನುಷ್ಯನು ಎರಡು ಪ್ರಶ್ನೆಗಳನ್ನು ತನ್ನೊಳಗೇ ಕೇಳಿಕೊಳ್ಳುತ್ತಾನೆ: ಇದರಿಂದ ನನ್ನ ಕೆಲಸ ಉತ್ತಮವಾಗುವುದೇ? ಇದನ್ನು ಬಳಸುವುದು ನನಗೆ ಸುಲಭವೇ? ಈ ಎರಡಕ್ಕೂ ಅವನಿಗೆ ತೋರುವ ಉತ್ತರವೇ ಅವನ ಮನೋಭಾವವನ್ನು ನಿರ್ಧರಿಸುತ್ತದೆ. ಸಾಧನವು ನಿಜವಾಗಿ ಎಷ್ಟು ಉಪಯುಕ್ತ ಎಂಬುದಕ್ಕಿಂತ ಬಳಸುವವನಿಗೆ ಅದು ಹೇಗೆ ತೋರುತ್ತದೆ ಎಂಬುದು ಇಲ್ಲಿ ಮುಖ್ಯ. ಮುಂದೆ 1999ರಲ್ಲಿ ಪೆಗ್ಗಿ ಎರ್ಟ್ಮರ್ ಎಂಬ ಶಿಕ್ಷಣತಜ್ಞೆ ಶಿಕ್ಷಕರನ್ನೇ ಕುರಿತು ಬರೆಯುತ್ತ, ಅವರ ದಾರಿಯಲ್ಲಿ ಎರಡು ಬಗೆಯ ಅಡ್ಡಿಗಳಿರುತ್ತವೆ ಎಂದರು. ಉಪಕರಣ, ಸಮಯ, ತರಬೇತಿ, ನೆರವು ಇವುಗಳ ಕೊರತೆ ಹೊರಗಿನ ಅಡ್ಡಿ. ಕಲಿಸುವುದೆಂದರೇನು, ಗುರುವಿನ ಸ್ಥಾನ ಯಾವುದು ಎಂಬ ಬಗ್ಗೆ ಶಿಕ್ಷಕರಲ್ಲಿ ಬೇರೂರಿರುವ ನಂಬಿಕೆ ಒಳಗಿನ ಅಡ್ಡಿ. ಹೊರಗಿನದನ್ನು ಹಣದಿಂದ ನೀಗಿಸಬಹುದು, ಒಳಗಿನದನ್ನು ಹಾಗೆ ನೀಗಿಸಲಾಗದು. ಆದರೆ ನಾವು ಹೊರಗಿನದನ್ನಾದರೂ ಪೂರ್ತಿಯಾಗಿ ನೀಗಿಸಿದ್ದೇವೆಯೇ?

ಕೇಂದ್ರ ಶಿಕ್ಷಣ ಸಚಿವಾಲಯದ ಯುಡೈಸ್ ಪ್ಲಸ್ ವರದಿಯ ಪ್ರಕಾರ 2023-24ರಲ್ಲಿ ದೇಶದ ಶಾಲೆಗಳ ಪೈಕಿ ಕೆಲಸ ಮಾಡುವ ಕಂಪ್ಯೂಟರ್ ಇದ್ದದ್ದು ಶೇಕಡಾ 57.2ರಲ್ಲಿ, ಅಂತರ್ಜಾಲ ಸೌಲಭ್ಯ ಇದ್ದದ್ದು ಶೇಕಡಾ 53.9ರಲ್ಲಿ. ಈ ದೃಷ್ಟಿಯಿಂದ ನಮ್ಮ ಶಾಲೆ ಅದೃಷ್ಟವಂತರ ಸಾಲಿನದು. ಕಂಪ್ಯೂಟರ್ ಇದೆ, ಅಂತರ್ಜಾಲವಿದೆ, ಬೋರ್ಡ್ ಇದೆ. ಆದರೂ ಆ ಯುವ ವಿಜ್ಞಾನ ಶಿಕ್ಷಕರು ಹೇಳಿದ್ದನ್ನು ಕೇಳಿರಿ: “ನಲವತ್ತು ನಿಮಿಷದ ಪಿರಿಯಡ್ ಸರ. ಅದು ಚಾಲೂ ಆಗಾಕ, ನೆಟ್ ಹತ್ತಾಕ ಹತ್ತ ನಿಮಿಷ ಹೊಕ್ಕೈತಿ. ನಡುವ ಕರೆಂಟ್ ಹೋತಂದ್ರ ಮತ್ತ ಮೊದಲಿಂದ. ಅಷ್ಟರಾಗ ಹುಡುಗ್ರು ನನ್ನ ಕೈ ತಪ್ಪಿ ಹೋಗಿರ್ತಾರ. ಎರಡ ಸಲ ಹಂಗಾತು, ಮೂರನೇ ಸಲ ನಾ ಖಡು ಹಿಡದೆ.” ಬೋರ್ಡ್ ಇದ್ದ ಕೊಠಡಿಗೆ ಇನ್ವರ್ಟರ್ ಸಂಪರ್ಕವೇ ಇರಲಿಲ್ಲ. ಕಚೇರಿಯ ಪ್ರಿಂಟರಿಗೆ ಇತ್ತು! ಬೋರ್ಡ್ ಬಂದ ದಿನ ದಾನಿಗಳ ನಾಮಫಲಕವನ್ನು ಮಾತ್ರ ನಾವು ತಪ್ಪದೆ ಗೋಡೆಗೆ ಬಡಿದಿದ್ದೆವು.

ಇನ್ನೊಂದು ಕಾರಣವನ್ನು ಬರೆಯಲು ನನಗೇ ಸಂಕೋಚವಾಗುತ್ತದೆ. ಉಪಕರಣಗಳನ್ನು ದಾಸ್ತಾನು ವಹಿಯಲ್ಲಿ ನಮೂದಿಸುವಾಗ, ಬಳಸುವ ಶಿಕ್ಷಕರು ಸಹಿ ಮಾಡಬೇಕು, ಅಜಾಗರೂಕತೆಯಿಂದ ಹಾನಿಯಾದಲ್ಲಿ ಅವರೇ ಹೊಣೆ ಎಂಬ ಒಂದು ಸಾಲನ್ನು ನಮ್ಮ ಕಾರ್ಯಾಲಯವೇ ಸೇರಿಸಿತ್ತು. ಆ ಸುತ್ತೋಲೆಯ ಕೆಳಗೆ ನನ್ನ ಸಹಿಯಿದೆ. ಭಕ್ತರು ಕೊಟ್ಟ ವಸ್ತು ಹಾಳಾಗಬಾರದೆಂಬ ಕಾಳಜಿಯಿಂದ ಬರೆದದ್ದು ಅದು. ಅನುದಾನರಹಿತ ವಿಭಾಗದಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ಶಿಕ್ಷಕಿಯೊಬ್ಬರು ಆ ಸಾಲನ್ನು ಓದಿ, ಲಕ್ಷ ರೂಪಾಯಿಗೂ ಮೇಲಿನ ಬೆಲೆಯ ವಸ್ತುವಿನ ಹತ್ತಿರ ಹೋಗದಿರುವುದೇ ಲೇಸೆಂದು ಬಗೆದರೆ ಅದನ್ನು ಸೋಮಾರಿತನ ಎನ್ನಲಾದೀತೇ? ಅರಿವೆ ಹೊದಿಸಿದವರು ಅವರೇ. ಧೂಳು ಹೋಗದಿರಲಿ ಎಂದು ಮನೆಯಿಂದ ಹಳೆಯ ಸೀರೆಯ ತುಂಡನ್ನು ತಂದು, ಅಂಚು ಹೊಲಿದು ಹೊದಿಸಿದ್ದರು. ನಮ್ಮ ಭಕ್ತರ ಕಣ್ಣಿಗೆ ಅನಾದರವಾಗಿ ಕಂಡದ್ದು ವಾಸ್ತವದಲ್ಲಿ ಜೋಪಾನವಾಗಿತ್ತು.

ಈಗ ಒಳಗಿನ ಅಡ್ಡಿಯ ವಿಚಾರ. ನಮ್ಮ ಪರಂಪರೆಯಲ್ಲಿ ಗುರುವಿನ ಸ್ಥಾನ ದೊಡ್ಡದು. ತರಗತಿಯಲ್ಲಿ ಅರವತ್ತು ಮಕ್ಕಳ ಮುಂದೆ ನಿಂತಾಗ ತಾನು ಬಲ್ಲವನು ಎಂಬ ಭರವಸೆಯೇ ಶಿಕ್ಷಕನ ಬಂಡವಾಳ. ಬೋರ್ಡಿನ ಎದುರು ಅವನು ತಡವರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಬಂದು ಸರಿಪಡಿಸಿದರೆ ಮಕ್ಕಳು ನಗುತ್ತಾರೆ. ಒಬ್ಬ ಶಿಕ್ಷಕರು ಇದನ್ನು ನನಗೆ ಹೇಳುವಾಗ ದನಿ ತಗ್ಗಿಸಿದರು. ಇದೇ ಘಟನೆ ಗಣಿತದ ಹಿರಿಯ ಗುರುಗಳಿಗೂ ಆಗಿತ್ತಂತೆ. ಅವರು ಮಾತ್ರ ಆ ಹುಡುಗನನ್ನೇ ಬೋರ್ಡಿನ ಉಸ್ತುವಾರಿಗೆ ನೇಮಿಸಿಬಿಟ್ಟರು. ಅನುಭವ ಮಂಟಪದಲ್ಲಿ ಹಿರಿಯರು ಕಿರಿಯರೆನ್ನದೆ ಪ್ರಶ್ನಿಸಿ ಕಲಿತ ಪರಂಪರೆ ನಮ್ಮದೆಂದು ವೇದಿಕೆಗಳಲ್ಲಿ ಹೇಳುತ್ತೇವೆ. ನಮ್ಮ ಶಾಲೆಗಳಲ್ಲಿ ಶಿಕ್ಷಕರು ‘ನನಗೆ ಗೊತ್ತಿಲ್ಲ, ನೀನು ತೋರಿಸು’ ಎಂದರೆ ಅವರ ಮರ್ಯಾದೆಗೆ ಕುಂದು ಬಾರದಂತಹ ವಾತಾವರಣವನ್ನು ನಾವು ಕಟ್ಟಿದ್ದೇವೆಯೇ ಎಂಬುದು ಬೇರೆ ಮಾತು. ಕಳೆದ ವರ್ಷ ಪರಿವೀಕ್ಷಣೆಯ ದಿನ ಬೋರ್ಡ್ ಕೈಕೊಟ್ಟಾಗ ಆ ಶಿಕ್ಷಕರ ಮೇಲೆ ರೇಗಿದವರು ಆಡಳಿತ ಮಂಡಳಿಯವರೇ ಎಂದು ಅಲ್ಲಿ ತಿಳಿಯಿತು.

ಗಣಿತದ ಗುರುಗಳ ತರಗತಿಯ ಒಂದು ದೃಶ್ಯವನ್ನು ಹೇಳಬೇಕು. ಅವರು ಜಿಯೋಜೀಬ್ರಾ ಎಂಬ, ಉಚಿತವಾಗಿ ದೊರೆಯುವ ತಂತ್ರಾಂಶದಲ್ಲಿ ಒಂದು ತ್ರಿಭುಜವನ್ನು ಎಳೆದರು. ಅದರ ಮೂರು ಕೋನಗಳ ಅಳತೆ ಪಕ್ಕದಲ್ಲಿ ಮೂಡಿತು. ಒಂದು ಶೃಂಗವನ್ನು ಬೆರಳಿನಿಂದ ಎಳೆದಂತೆಲ್ಲ ಮೂರು ಸಂಖ್ಯೆಗಳೂ ಬದಲಾಗುತ್ತಿದ್ದವು, ಮೊತ್ತ ಮಾತ್ರ 180 ಡಿಗ್ರಿಯೇ. ಹುಡುಗಿಯೊಬ್ಬಳು ಬಂದು ತ್ರಿಭುಜವನ್ನು ಗೆರೆಯಷ್ಟು ತೆಳ್ಳಗೆ ಹಿಸುಕಿ ನೋಡಿದಳು, ಮೊತ್ತ ಕದಲಲಿಲ್ಲ. ಆಮೇಲೆ ಗುರುಗಳು ಬೋರ್ಡನ್ನು ಆರಿಸಿ, ಇದು ಹೀಗೇಕೆ ಎಂಬ ಸಾಧನೆಯನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದಲೇ ಬರೆದರು. ಕೇಳಿದಾಗ, “ನೋಡೂದಕ್ಕ ಅದು, ಸಾಧಸೂದಕ್ಕ ಇದು” ಎಂದರು. ಕರಿಹಲಗೆಯ ಮೇಲೆ ಒಂದು ಅವಧಿಯಲ್ಲಿ ನಾಲ್ಕು ತ್ರಿಭುಜಗಳನ್ನು ಬರೆಯಬಹುದು. ಬೋರ್ಡಿನಲ್ಲಿ ಮಕ್ಕಳು ನಾಲ್ಕುನೂರನ್ನು ನೋಡಬಹುದು. ತನ್ನ ಕಾಯಕಕ್ಕೆ ಉಪಯೋಗವಿದೆ ಎಂದು ಅವರಿಗೆ ತೋರಿತು, ಅವರು ಕಲಿತರು.

ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಎಂಬ ವಿದ್ವಾಂಸರು 2006ರಲ್ಲಿ ಹೇಳಿದ ಮಾತು ಇದಕ್ಕೆ ಸಮೀಪವಾಗಿದೆ. ವಿಷಯದ ಜ್ಞಾನ, ಅದನ್ನು ಕಲಿಸುವ ವಿಧಾನದ ಜ್ಞಾನ, ಸಾಧನದ ಜ್ಞಾನ ಇವು ಮೂರೂ ಒಂದೆಡೆ ಕೂಡಿದಾಗ ಮಾತ್ರ ತಂತ್ರಜ್ಞಾನವು ತರಗತಿಯಲ್ಲಿ ಫಲ ಕೊಡುತ್ತದೆ. ಬೋರ್ಡ್ ಮಾರಿದ ಸಂಸ್ಥೆಯ ಹುಡುಗ ಬಂದು ಅರ್ಧ ದಿನ ಕೊಡುವ ತರಬೇತಿಯಲ್ಲಿ ಮೂರನೆಯದು ಮಾತ್ರ ಇರುತ್ತದೆ. ಯಾವ ಗುಂಡಿ ಒತ್ತಿದರೆ ಬಣ್ಣ ಬದಲಾಗುತ್ತದೆ ಎಂದು ಅವನು ತೋರಿಸುತ್ತಾನೆ. ಎಂಟನೆಯ ತರಗತಿಯ ಮಗುವಿಗೆ ಋಣಸಂಖ್ಯೆಗಳ ಗುಣಾಕಾರ ಏಕೆ ತೊಡಕಾಗುತ್ತದೆ ಎಂಬುದು ಅವನಿಗೆ ತಿಳಿಯದು.

ನಮ್ಮ ಭಾಗಕ್ಕೆ ಇದು ಹೊಸ ಪಾಠವಲ್ಲ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ದೂರದರ್ಶನ ಬೋಧನೆಯ ದೊಡ್ಡ ಪ್ರಯೋಗವೊಂದು ನಡೆಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ‘ಸೈಟ್’ ಎನ್ನುತ್ತಾರೆ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು ಇಸ್ರೊ ಸಂಸ್ಥೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮಗಳಿರುತ್ತಿದ್ದವು. ನಮ್ಮ ಭಾಗದ ಅನೇಕ ಹಳ್ಳಿಗಳು ಟಿ.ವಿ.ಯನ್ನು ಮೊದಲು ಕಂಡದ್ದು ಆಗಲೇ. ಪ್ರಯೋಗವಾಗಿ ಅದು ಜಗತ್ತಿನ ಗಮನ ಸೆಳೆಯಿತು. ಅವಧಿ ಮುಗಿದು ಉಪಗ್ರಹ ಹಿಂದಿರುಗಿದ ಮೇಲೆ ಶಾಲೆಯ ಮಾಸ್ತರರ ಕೈಯಲ್ಲಿ ಉಳಿದದ್ದು ಹಿಂದಿನ ಸೀಮೆಸುಣ್ಣವೇ. ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ 1986ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಅವರ ದೇಶದ ಚಲನಚಿತ್ರ, ರೇಡಿಯೊ, ಟಿ.ವಿ.ಗಳ ಕಥೆಯನ್ನೂ ಹೀಗೆಯೇ ಬಿಡಿಸಿಟ್ಟಿದ್ದಾರೆ: ಪ್ರತಿಯೊಂದೂ ಶಾಲೆಯನ್ನೇ ಬದಲಿಸುವುದೆಂಬ ಅಬ್ಬರದೊಡನೆ ಬಂದಿತು, ಶಿಕ್ಷಕರು ವಿರಳವಾಗಿ ಬಳಸಿದರು, ಕೊನೆಗೆ ತಪ್ಪು ಶಿಕ್ಷಕರದೆಂದೇ ಆಯಿತು.

ಈ ಶತಮಾನದ ಆರಂಭದಲ್ಲಿ ನಮ್ಮ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಯೋಜನೆ ಬಂದಿತು. ಕಂಪ್ಯೂಟರುಗಳನ್ನೂ ಅವುಗಳನ್ನು ಕಲಿಸುವ ಬೋಧಕರನ್ನೂ ಗುತ್ತಿಗೆಯ ಮೇಲೆ ಖಾಸಗಿ ಸಂಸ್ಥೆಗಳು ಒದಗಿಸಿದವು. ಶಾಲೆಯ ಶಿಕ್ಷಕರಿಗೆ ಅದರಲ್ಲಿ ಪಾತ್ರವಿರಲಿಲ್ಲ. ಕಂಪ್ಯೂಟರ್ ಕೊಠಡಿ ಎಂಬುದು ಶಾಲೆಯೊಳಗಿನ ಇನ್ನೊಂದು ಮನೆಯಂತಿತ್ತು. ಗುತ್ತಿಗೆ ಮುಗಿದಾಗ ಬೋಧಕರು ಹೋದರು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿನ ಖಾನೆ ಸೇರಿತು. ಅದೇ ಕಾಲಕ್ಕೆ, 2001ರಲ್ಲಿ ನೆರೆಯ ಕೇರಳದಲ್ಲಿ ‘ಐಟಿ@ಸ್ಕೂಲ್’ ಎಂಬ ಯೋಜನೆ ಆರಂಭವಾಯಿತು. ಅಲ್ಲಿ ಹೊರಗಿನವರ ಬದಲು ಶಾಲೆಯ ಶಿಕ್ಷಕರನ್ನೇ ಆರಿಸಿ, ತರಬೇತುದಾರರನ್ನಾಗಿ ಸಿದ್ಧಪಡಿಸಿದರು. ಅವರು ತಮ್ಮ ಸಹೋದ್ಯೋಗಿಗಳಿಗೆ ಕಲಿಸಿದರು. ಯಾರ ಪರವಾನಗಿಯೂ ಬೇಡದ ಸ್ವತಂತ್ರ ತಂತ್ರಾಂಶಗಳನ್ನು ಆಯ್ದುಕೊಂಡದ್ದರಿಂದ ಶಿಕ್ಷಕರು ಅವನ್ನು ಮನೆಗೂ ಒಯ್ದು, ಬಿಚ್ಚಿ ನೋಡಿ, ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾಗಿತ್ತು. ಆ ರಾಜ್ಯದಲ್ಲಿ ಶಾಲೆಯ ಕಂಪ್ಯೂಟರ್ ಶಿಕ್ಷಕರ ಸ್ವಂತ ವಿಷಯವಾಗಿ ಬೆಳೆಯಿತು. ಕರ್ನಾಟಕದಲ್ಲೂ 2011ರಿಂದ ವಿಷಯ ಶಿಕ್ಷಕರ ವೇದಿಕೆಗಳನ್ನು ಕಟ್ಟಿ, ಶಿಕ್ಷಕರೇ ಪಾಠಸಾಮಗ್ರಿಯನ್ನು ರಚಿಸಿ ಹಂಚಿಕೊಳ್ಳುವ ಕೆಲಸ ನಡೆಯಿತು. ನಮ್ಮ ಗಣಿತದ ಗುರುಗಳು ಜಿಯೋಜೀಬ್ರಾ ಕಲಿತದ್ದು ಹಾಗೆ ಪರಿಚಯವಾದ ಸರ್ಕಾರಿ ಶಾಲೆಯ ಸ್ನೇಹಿತರೊಬ್ಬರಿಂದ.

ಇಲ್ಲಿ ಒಂದು ಮಾತನ್ನು ಸೇರಿಸಲು ಮನಸ್ಸಾಗುತ್ತದೆ. ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರು ತಾಳೆಯೋಲೆಗಳಿಂದ ವಚನಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಮುಂದೆ ಇದ್ದ ಮನೆಯನ್ನೂ ಮಾರಿ ವಿಜಯಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ಅಂದಿನ ಕಾಲಕ್ಕೆ ಮುದ್ರಣಯಂತ್ರವೇ ಹೊಸ ತಂತ್ರಜ್ಞಾನ. ನಮ್ಮ ಕಾಲದಲ್ಲಿ ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನು ಕಂಪ್ಯೂಟರಿಗೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ಯನ್ನು ರೂಪಿಸಿದರು. ಇಬ್ಬರೂ ಯಂತ್ರವನ್ನು ಕಂಡು ಬೆರಗಾಗಿ ಅದಕ್ಕೊಂದು ಕೆಲಸ ಹುಡುಕಿದವರಲ್ಲ. ಮಾಡಬೇಕಾದ ಕೆಲಸ ಮುಂದಿತ್ತು, ಅದಕ್ಕೆ ತಕ್ಕ ಯಂತ್ರವನ್ನು ಅವರು ಹುಡುಕಿಕೊಂಡರು. ನಮ್ಮ ಶಾಲೆಗಳಲ್ಲಿ ಕ್ರಮ ತಲೆಕೆಳಗಾಗಿದೆ. ಬೋರ್ಡ್ ಮೊದಲು ಬಂದು, ಇದರಿಂದ ಏನು ಮಾಡುವಿರಿ ಎಂದು ಶಿಕ್ಷಕರನ್ನು ನಂತರ ಕೇಳುತ್ತೇವೆ.

ಕೊರೊನಾ ಕಾಲದ ಅನುಭವವನ್ನು ಬಿಟ್ಟರೆ ಈ ವಿಷಯ ಪೂರ್ಣವಾಗದು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಹತ್ತು ವರ್ಷಗಳ ತರಬೇತಿಗಳಿಂದ ಆಗದಿದ್ದುದು ಮೂರು ತಿಂಗಳಲ್ಲಿ ಆಯಿತು. ಎಂದೂ ಕ್ಯಾಮೆರಾ ಮುಂದೆ ನಿಲ್ಲದ ಶಿಕ್ಷಕಿಯರು ಅಡುಗೆಮನೆಯ ಗೋಡೆಗೆ ಹಾಳೆ ಅಂಟಿಸಿ ಪಾಠ ಚಿತ್ರಿಸಿ ಕಳುಹಿಸಿದರು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಅದೇ ವರ್ಷದ ಆಗಸ್ಟ್‌ನಲ್ಲಿ ಸರ್ಕಾರ ಆರಂಭಿಸಿದ ‘ವಿದ್ಯಾಗಮ’ದಲ್ಲಿ ಶಿಕ್ಷಕರು ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿದರು, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಮೊಬೈಲ್ ಇಲ್ಲದ ಮನೆಗಳ ಮಕ್ಕಳು ಏನನ್ನು ಕಳೆದುಕೊಂಡರೆಂಬುದನ್ನು ನಮ್ಮ ಪ್ರಸಾದ ನಿಲಯಕ್ಕೆ ಮರಳಿ ಬಂದ ಮಕ್ಕಳನ್ನು ಕಂಡು ಬಲ್ಲೆವು. ಆರನೆಯ ತರಗತಿಗೆ ಬಂದಿದ್ದ ಕೆಲವರು ಕಾಗುಣಿತವನ್ನೇ ಮರೆತಿದ್ದರು. ಶಿಕ್ಷಕರಿಗೆ ಆ ಕಾಲ ಎರಡನ್ನೂ ಬಿಟ್ಟುಹೋಯಿತು. ಕೈಗೆ ಸಾಧನದ ರೂಢಿ ಬಂದಿತು. ಪರದೆಯಿಂದ ಮಗುವಿನ ಮುಖ ಕಾಣದು, ಅರ್ಥವಾಯಿತೇ ಇಲ್ಲವೇ ತಿಳಿಯದು ಎಂಬ ಅರಿವೂ ಬಂದಿತು. ಜೊತೆಗೆ, ರಾತ್ರಿ ಹತ್ತಕ್ಕೂ ನಿಲ್ಲದ ವಾಟ್ಸಾಪ್ ಸಂದೇಶಗಳು ಬಂದು ಕುಳಿತವು. ಅವು ಇಂದಿಗೂ ಹೋಗಿಲ್ಲ.

ನಮ್ಮ ಶಿಕ್ಷಕರ ಬೇಸರದ ಬೇರು ಇಲ್ಲಿದೆ ಎಂದು ನನಗೆ ತೋರುತ್ತದೆ. ಭಕ್ತರ ಕಿವಿಗೆ ‘ತಂತ್ರಜ್ಞಾನ’ ಎಂದರೆ ಬಣ್ಣದ ಚಿತ್ರ ಮೂಡುವ ಬೋರ್ಡ್. ಶಿಕ್ಷಕರ ಕಿವಿಗೆ ಅದು ಬೇರೆಯೇ ಆಗಿ ಕೇಳುತ್ತದೆ. ಮಕ್ಕಳ ವಿವರ ಎಸ್‌ಎಟಿಎಸ್‌ಗೆ ತುಂಬಬೇಕು, ಶಾಲೆಯ ವಿವರ ಯುಡೈಸ್‌ಗೆ ತುಂಬಬೇಕು, ಬಿಸಿಯೂಟದ ಲೆಕ್ಕ ಕಳುಹಿಸಬೇಕು, ದೀಕ್ಷಾ ಜಾಲತಾಣದಲ್ಲಿ ತರಬೇತಿ ಮುಗಿಸಿ ಪ್ರಮಾಣಪತ್ರ ತೋರಿಸಬೇಕು, ಕಾರ್ಯಕ್ರಮ ನಡೆದದ್ದಕ್ಕೆ ಛಾಯಾಚಿತ್ರ ಹಾಕಬೇಕು. ಸರ್ವರ್ ಹಗಲಿಡೀ ತೆರೆಯದಿದ್ದರೆ ರಾತ್ರಿ ಎದ್ದು ತುಂಬಬೇಕು. ಇಷ್ಟು ಸಾಲದೆಂಬಂತೆ ಶ್ರೀಮಠದ ಕಾರ್ಯಾಲಯವೂ ಪ್ರತಿ ಶನಿವಾರ ಒಂದು ವರದಿ ಕೇಳುತ್ತದೆ! ತಂತ್ರಜ್ಞಾನವೆಂದರೆ ಮೇಲಿನವರು ತಮ್ಮನ್ನು ನೋಡುವ ಕಣ್ಣು ಎಂದೇ ಅವರಿಗೆ ಅಭ್ಯಾಸವಾಗಿರುವಾಗ, ಬೋರ್ಡ್ ಎಂಬುದು ಇನ್ನೊಂದು ಕಣ್ಣೆಂದು ಅವರು ಭಾವಿಸಿದರೆ ಆಶ್ಚರ್ಯವಿಲ್ಲ. ನಾನು ಕುಳಿತಿದ್ದ ಮೊದಲ ದಿನ ಒಬ್ಬ ಶಿಕ್ಷಕರು, ಇದರಲ್ಲಿ ಎಷ್ಟು ತಾಸು ಬಳಸಿದೆವೆಂದು ತಮಗೆ ಅಲ್ಲಿಂದಲೇ ಕಾಣುತ್ತದೆಯೇ ಎಂದು ನನ್ನನ್ನು ಕೇಳಿದ್ದರು.

ಶಿಕ್ಷಕರ ಎಲ್ಲ ಹಿಂಜರಿಕೆಯನ್ನೂ ನಿವಾರಿಸಬೇಕಾದ ದೋಷವೆಂದು ತಿಳಿಯುವುದೂ ತಪ್ಪು. ಯುನೆಸ್ಕೊ ಸಂಸ್ಥೆಯ 2023ರ ಜಾಗತಿಕ ಶಿಕ್ಷಣ ವರದಿ ಇದೇ ವಿಷಯಕ್ಕೆ ಮೀಸಲಾಗಿತ್ತು. ತಂತ್ರಜ್ಞಾನವು ಯಾರ ಷರತ್ತುಗಳ ಮೇಲೆ ಶಾಲೆಗೆ ಬರುತ್ತಿದೆ ಎಂದು ಅದು ಕೇಳಿತು; ಅದರ ಪ್ರಯೋಜನದ ಬಗ್ಗೆ ದೃಢವಾದ ಸಾಕ್ಷ್ಯ ಕಡಿಮೆಯೆಂದೂ ಎಚ್ಚರಿಸಿತು. ಅದೇ ವರ್ಷ, ಶಾಲೆಗಳಲ್ಲಿ ಪರದೆಗಳಿಗೆ ಮುಂಚೂಣಿಯಲ್ಲಿದ್ದ ಸ್ವೀಡನ್ ದೇಶದ ಸರ್ಕಾರ ಮುದ್ರಿತ ಪಠ್ಯಪುಸ್ತಕಗಳಿಗೆ ಮತ್ತೆ ಹಣ ತೆಗೆದಿರಿಸಿತು. ನಮ್ಮ ಶಾಲೆಯ ಕನ್ನಡ ಶಿಕ್ಷಕಿಯವರ ಅನುಭವ ಇನ್ನೂ ಹತ್ತಿರದ್ದು. ಬೋರ್ಡಿನೊಡನೆ ಬಂದ ಸಿದ್ಧ ಪಾಠಗಳಲ್ಲಿ ವಚನ ಸಾಹಿತ್ಯದ ಒಂದು ವಿಡಿಯೊ ಇತ್ತು. ಅದನ್ನು ಹಾಕಿ ನೋಡಿದ ಅವರು ಐದು ನಿಮಿಷದಲ್ಲಿ ಆರಿಸಿಬಿಟ್ಟರು. “ಅಕ್ಕನ ವಚನ ಅಂತ ತೋರಿಸ್ಯಾರ, ಅಂಕಿತ ಬಸವಣ್ಣನವರದು ಐತ್ರಿ. ಇನ್ನೊಂದಕ್ಕ ಅಂಕಿತನ ಇಲ್ಲ, ಈಗಿನವರು ಯಾರೋ ಬರದದ್ದು. ಇದನ್ನ ಮಕ್ಕಳಿಗೆ ತೋರಿಸಿ ನಾ ಪಾಪ ಕಟ್ಟಿಕೊಳ್ಳಲೇನ್ರಿ?” ಎಂದರು. ಮೊಬೈಲುಗಳಲ್ಲಿ ವಚನವೆಂದು ಹರಿದಾಡುವ ಎಷ್ಟೋ ಸಾಲುಗಳಿಗೆ ಇದೇ ಗತಿ. ಆ ವಿಡಿಯೊವನ್ನು ನಿರಾಕರಿಸಿದ ಶಿಕ್ಷಕಿಯನ್ನು ತಂತ್ರಜ್ಞಾನ ವಿರೋಧಿ ಎನ್ನುವವರು ಶಿಕ್ಷಕರ ಕೆಲಸವೇನೆಂಬುದನ್ನೇ ತಿಳಿದವರಲ್ಲ. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಪ್ರಬಂಧ ಬರೆಸಿ ತರುವ ಮಕ್ಕಳು ಬಂದಿರುವಾಗ ಇಂತಹ ಕಣ್ಣು ಇನ್ನೂ ಹೆಚ್ಚು ಬೇಕು.

ಅದೇ ಶಿಕ್ಷಕಿಯವರಿಗೆ ನಾನು ಎರಡನೆಯ ದಿನ ‘ವಚನ ಸಂಚಯ’ ಜಾಲತಾಣವನ್ನು ತೋರಿಸಿದೆ. ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅವು ಶಾಲೆಯ ಗ್ರಂಥಾಲಯದಲ್ಲಿವೆ, ಆದರೆ ನಲವತ್ತು ನಿಮಿಷದಲ್ಲಿ ಹದಿನೈದು ಸಂಪುಟಗಳನ್ನು ಮಗುಚಲಾಗದು. ಜಾಲತಾಣದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆಯೆಂದು ತೆರೆದುಕೊಳ್ಳುತ್ತದೆ. ಅವರು ಸ್ವಲ್ಪ ಹೊತ್ತು ಮಾತಾಡದೆ ಹುಡುಕುತ್ತ ಕುಳಿತರು. ಮೂರನೆಯ ದಿನ ಒಂಬತ್ತನೆಯ ತರಗತಿಯಲ್ಲಿ ತಾವೇ ಹೊಲಿದಿದ್ದ ಹೊದಿಕೆಯನ್ನು ಮಡಚಿಟ್ಟು, ‘ಕಾಯಕ’ ಎಂಬ ಪದವನ್ನು ಮಕ್ಕಳಿಂದ ಹುಡುಕಿಸಿದರು. ಕಂಡ ವಚನವನ್ನು ಗ್ರಂಥಾಲಯದ ಸಂಪುಟದಲ್ಲಿ ಮತ್ತೆ ಹುಡುಕಿ, ಪಾಠ ಒಂದೇ ಆಗಿದೆಯೇ ಎಂದು ತಾಳೆ ನೋಡುವ ಕೆಲಸವನ್ನು ಇಬ್ಬರು ಹುಡುಗರಿಗೆ ಕೊಟ್ಟರು. ಕರೆಂಟ್ ಹೋದಾಗಲೂ ಪಾಠ ನಿಲ್ಲಲಿಲ್ಲ, ಪುಸ್ತಕ ಕೈಯಲ್ಲಿತ್ತು.

ಪೂಜ್ಯರ ಸನ್ನಿಧಿಯಲ್ಲಿ ಈ ಎಲ್ಲವನ್ನೂ ನಿವೇದಿಸಿದ ಮೇಲೆ ಆಡಳಿತ ಮಂಡಳಿ ಕೆಲವು ನಿರ್ಣಯಗಳನ್ನು ಮಾಡಿದೆ. ದಾಸ್ತಾನು ವಹಿಯ ಆ ಷರತ್ತನ್ನು ರದ್ದುಪಡಿಸಲಾಗಿದೆ. ಬಳಕೆಯಿಂದ ಕೆಟ್ಟದ್ದರ ದುರಸ್ತಿ ಸಂಸ್ಥೆಯದೇ. ಶನಿವಾರದ ವರದಿಯನ್ನು ತಿಂಗಳಿಗೊಮ್ಮೆ ಮಾಡಲಾಗಿದೆ (ನಾಲ್ಕು ಪುಟದ ಬದಲು ಒಂದು ಪುಟ). ಗಣಿತದ ಹಿರಿಯ ಗುರುಗಳಿಗೆ ವಾರದಲ್ಲಿ ಮೂರು ಅವಧಿಗಳನ್ನು ಕಡಿಮೆ ಮಾಡಿ, ಆ ಸಮಯದಲ್ಲಿ ಅವರು ಸಹೋದ್ಯೋಗಿಗಳಿಗೆ ಕಲಿಸುವಂತೆ ಏರ್ಪಡಿಸಲಾಗಿದೆ. ಯಾವ ಪಾಠಕ್ಕೆ ಬೋರ್ಡ್ ಬೇಕು, ಯಾವುದಕ್ಕೆ ಬೇಡ ಎಂಬುದನ್ನು ಶಿಕ್ಷಕರೇ ನಿರ್ಧರಿಸುವರು. ಇಷ್ಟು ತಾಸು ಬಳಸಲೇಬೇಕೆಂಬ ನಿಯಮ ಇರುವುದಿಲ್ಲ. ಇನ್ನು ಮುಂದೆ ಯಾವ ಉಪಕರಣವನ್ನೂ ಆ ಶಾಲೆಯ ಶಿಕ್ಷಕರ ಸಭೆಯಲ್ಲಿ ಚರ್ಚಿಸದೆ ಸ್ವೀಕರಿಸಬಾರದೆಂದೂ ತೀರ್ಮಾನವಾಗಿದೆ. ಇದರಿಂದ ಕೆಲವು ದಾನಿಗಳಿಗೆ ಬೇಸರವಾಗಬಹುದು, ಮನ್ನಿಸಬೇಕು.

ದೂರು ತಂದಿದ್ದ ಹಿರಿಯರನ್ನು ಮತ್ತೊಂದು ದಿನ ಶಾಲೆಗೆ ಕರೆದೊಯ್ದೆ. ಹೊದಿಕೆಯ ಕಥೆ ಕೇಳಿ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಶಿಕ್ಷಕಿಯನ್ನು ಕರೆದು, “ಸೀರಿ ಅಂಚು ಭಾಳ ಚಲೋ ಹೊಲದೀ ತಂಗಿ” ಎಂದರು. ಹೊರಡುವಾಗ ಇನ್ವರ್ಟರಿನ ಬ್ಯಾಟರಿಗೆ ಎಷ್ಟಾಗುತ್ತದೆಂದು ವಿಚಾರಿಸಿದರು. ನಾಮಫಲಕದ ಪ್ರಸ್ತಾಪ ಬಂದಾಗ, ಬ್ಯಾಟರಿಗೆ ಹೆಸರು ಬೇಡವೆಂದು ನಕ್ಕರು.

ನಮ್ಮ ಇನ್ನುಳಿದ ಶಾಲೆಗಳ ಶಿಕ್ಷಕರು ತಮಗೆ ಬೇಕಾದುದನ್ನು ಈಗ ಪಟ್ಟಿ ಮಾಡುತ್ತಿದ್ದಾರೆ. ಬಂದಿರುವ ಮೊದಲ ಪಟ್ಟಿಯಲ್ಲಿ ಬೋರ್ಡ್ ಒಂದೂ ಇಲ್ಲ. ಎರಡು ಇನ್ವರ್ಟರ್, ಪ್ರಯೋಗಾಲಯಕ್ಕೆ ಒಂದು ನೀರಿನ ನಲ್ಲಿ, ಕನ್ನಡ ನಿಘಂಟಿನ ಆರು ಪ್ರತಿಗಳು, ಮತ್ತು ಮಾಹಿತಿ ತುಂಬುವ ಕೆಲಸಕ್ಕೆ ಅರ್ಧ ದಿನದ ಒಬ್ಬ ಸಹಾಯಕ. ಪಟ್ಟಿಗಳು ಪೂರ್ಣವಾದ ಮೇಲೆ ಶ್ರೀಮಠದ ಕಾರ್ಯಾಲಯದಲ್ಲಿ ದೊರೆಯುವವು. ದಾಸೋಹ ಸಲ್ಲಿಸಬಯಸುವ ಭಕ್ತರು ಜೂನ್‌ನಲ್ಲಿ ಶಾಲೆ ಆರಂಭವಾಗುವ ಮುನ್ನ ಬಂದು ನೋಡಬೇಕೆಂದು ವಿನಂತಿ.

– ಕಾರ್ಯದರ್ಶಿ, ಶ್ರೀಮಠ